ಚೀನಾಕ್ಕೆ ನಮ್ಮ ಸಿನಿಮಾ: ಕೋಟಾದ ಲೆಕ್ಕ ಬೇರೆ, ಮಧ್ಯವರ್ತಿಯ ಲೆಕ್ಕ ಬೇರೆ

ಓದುಗರ ಪ್ರಶ್ನೆ: ನಾನು ಮತ್ತು ಇಬ್ಬರು ಗೆಳೆಯರು ಸೇರಿ ಒಂದು ಕನ್ನಡ ಸಿನಿಮಾ ಮಾಡಿದ್ದೇವೆ. ಹಳ್ಳಿ ಶಾಲೆಯಲ್ಲಿ ಓದುವ ಹುಡುಗಿ ಮತ್ತು ಅವಳ ಅಪ್ಪನ ಕಥೆ. ಹಾಕಿದ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂತು, ಲಾಭ ಅಂತ ಕಾಣಲಿಲ್ಲ. ಈಗ ಮಧ್ಯವರ್ತಿಯೊಬ್ಬರು ಚೀನಾದಲ್ಲಿ ರಿಲೀಸ್ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಲ್ಲಿ ವರ್ಷಕ್ಕೆ 34 ವಿದೇಶಿ ಚಿತ್ರಗಳಿಗೆ ಮಾತ್ರ ಜಾಗವಂತೆ. ಅದರಲ್ಲಿ ಒಂದನ್ನು ನಮಗೆ ಕೊಡಿಸಲು 25 ಲಕ್ಷ ಮುಂಗಡ ಬೇಕಂತೆ. ಕಲೆಕ್ಷನ್‌ನಲ್ಲಿ ಅರ್ಧ ನಮಗೆ ಬರುತ್ತದಂತೆ. ಅಮೆರಿಕದ ಚಿತ್ರಗಳನ್ನು ಚೀನಾ ಕಡಿಮೆ ಮಾಡಿರುವುದರಿಂದ ಭಾರತದ ಚಿತ್ರಗಳಿಗೆ ಇದೇ ಒಳ್ಳೆ ಸಮಯ ಎಂದೂ ಹೇಳುತ್ತಾರೆ. ನನ್ನ ಗೆಳೆಯ ಮಾತ್ರ, ಕೋಟಾ ಇರುವುದು ಹಾಲಿವುಡ್‌ಗೆ, ನಮಗೆ ಅದು ಅನ್ವಯಿಸುವುದೇ ಇಲ್ಲ ಎಂದು ವಾದಿಸುತ್ತಾನೆ. ಯಾರ ಮಾತು ನಿಜ? ಮುಂಗಡ ಕೊಡಬಹುದೇ?

ಉತ್ತರ: ಕೊಡಬೇಡಿ. ಚೀನಾದ ಕೋಟಾದಲ್ಲಿ ಜಾಗ ಕೊಡಿಸುವ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ಚಿತ್ರದ ಹಕ್ಕು ಮಾರುವವರು ನೀವು. ದುಡ್ಡು ಕೊಳ್ಳುವವರಿಂದ ನಿಮ್ಮ ಕಡೆಗೆ ಬರಬೇಕೇ ಹೊರತು ನಿಮ್ಮಿಂದ ಅವರ ಕಡೆಗೆ ಹೋಗಬಾರದು. ಹಾಗೆಂದು ಚೀನಾದ ಆಸೆಯನ್ನೇ ಕೈಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಕಥೆಯ ಬಗೆಯ ಚಿತ್ರಗಳಿಗೆ ಅಲ್ಲಿ ನಿಜವಾಗಿಯೂ ಪ್ರೇಕ್ಷಕರಿದ್ದಾರೆ. ಆದರೆ ನಿಮಗೆ ಎದುರಾಗುವ ಅಡ್ಡಿ ಆ 34 ಎಂಬ ಸಂಖ್ಯೆಯಲ್ಲ.

ಆ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಚೀನಾದ ಥಿಯೇಟರ್‌ಗಳು ಜನರಿಲ್ಲದೆ ಸೊರಗಿದ್ದವು. ಜನರನ್ನು ಮತ್ತೆ ಕರೆತರಲು ಸರ್ಕಾರ 1994ರಲ್ಲಿ ವರ್ಷಕ್ಕೆ ಹತ್ತು ವಿದೇಶಿ ಚಿತ್ರಗಳನ್ನು ಶೇರು ಲೆಕ್ಕದಲ್ಲಿ, ಅಂದರೆ ಟಿಕೆಟ್ ಗಳಿಕೆಯಲ್ಲಿ ಪಾಲು ಕೊಡುವ ಕರಾರಿನಲ್ಲಿ, ತರಿಸಲು ಒಪ್ಪಿತು. ಆ ನವೆಂಬರ್‌ನಲ್ಲಿ ಬಂದ ಮೊದಲ ಚಿತ್ರ 'ದಿ ಫ್ಯುಜಿಟಿವ್'. 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ಹತ್ತು ಇಪ್ಪತ್ತಾಯಿತು. ಚೀನಾದ ನಿರ್ಬಂಧಗಳ ವಿರುದ್ಧ ಅಮೆರಿಕ 2007ರಲ್ಲಿ ಅದೇ ಸಂಸ್ಥೆಗೆ ದೂರು ಕೊಟ್ಟಿತು, 2009ರಲ್ಲಿ ಗೆದ್ದಿತು. ಅದರ ಮುಂದುವರಿಕೆಯಾಗಿ 2012ರ ಫೆಬ್ರುವರಿಯಲ್ಲಿ, ಆಗ ಇಬ್ಬರೂ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಮತ್ತು ಷಿ ಜಿನ್‌ಪಿಂಗ್ ಕಾಲದಲ್ಲಿ ರಾಜಿ ಒಪ್ಪಂದವಾಯಿತು. 3ಡಿ, ಐಮ್ಯಾಕ್ಸ್ ಚಿತ್ರಗಳಿಗೆಂದು ಇನ್ನೂ 14 ಜಾಗ ಸೇರಿ ಒಟ್ಟು 34 ಆಯಿತು. ಅಲ್ಲಿಯವರೆಗೆ ಶೇ 13ರ ಆಸುಪಾಸಿನಲ್ಲಿದ್ದ ಸ್ಟುಡಿಯೋಗಳ ಪಾಲು ಶೇ 25ಕ್ಕೆ ಏರಿತು. ಐದು ವರ್ಷದ ನಂತರ ಮರುಚರ್ಚೆ ಆಗಬೇಕಿತ್ತು. ಆ ಚರ್ಚೆ ಮುಗಿಯಲೇ ಇಲ್ಲ, ಇಂದಿಗೂ ನಡೆಯುತ್ತಿರುವುದು ಅದೇ ಲೆಕ್ಕ.

ಹಾಗಾಗಿ ನಿಮ್ಮ ಗೆಳೆಯ ಹೇಳುವುದು ಅರ್ಧ ಸರಿ. ಒಪ್ಪಂದ ಅಮೆರಿಕದ ಜೊತೆ ಆದದ್ದಾದರೂ ಕೋಟಾ ಎಲ್ಲ ದೇಶದ ಚಿತ್ರಗಳಿಗೂ ಅನ್ವಯಿಸುತ್ತದೆ. ಬಹುಪಾಲು ಜಾಗ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಿಗೇ ಹೋಗುತ್ತದೆ, ಅಷ್ಟೆ. ಮಧ್ಯವರ್ತಿ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಆ 34 ಶೇರು ಲೆಕ್ಕದ ಚಿತ್ರಗಳ ಸಂಖ್ಯೆ ಮಾತ್ರ. ಅದರ ಹೊರಗೆ, ಒಂದು ಗೊತ್ತಾದ ಮೊತ್ತಕ್ಕೆ ಹಕ್ಕು ಕೊಂಡು ತರುವ ಚಿತ್ರಗಳೂ ಪ್ರತಿ ವರ್ಷ ಬರುತ್ತವೆ. ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ಔಟ್‌ರೇಟ್ ವ್ಯಾಪಾರ. ಯುರೋಪ್, ಜಪಾನ್, ಭಾರತದ ಚಿತ್ರಗಳು, ಅಮೆರಿಕದ ಸಣ್ಣ ಕಂಪನಿಗಳ ಚಿತ್ರಗಳು ಹೆಚ್ಚಾಗಿ ಹೋಗುವುದು ಈ ದಾರಿಯಲ್ಲೇ. ನಿಮ್ಮ ಚಿತ್ರ ಹೋದರೂ ಹೀಗೇ ಹೋಗಬೇಕು.

ಕಲೆಕ್ಷನ್‌ನಲ್ಲಿ ಅರ್ಧ ಎಂಬ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೀನಾದ ಥಿಯೇಟರ್‌ನಲ್ಲಿ ನೂರು ಯುವಾನ್ ಟಿಕೆಟ್ ಮಾರಾಟವಾಯಿತು ಅನ್ನಿ. ಐದು ಯುವಾನ್ ನೇರವಾಗಿ ಸರ್ಕಾರದ ಚಲನಚಿತ್ರ ನಿಧಿಗೆ ಹೋಗುತ್ತದೆ. ಸುಮಾರು 3.3 ಯುವಾನ್ ತೆರಿಗೆ. ಉಳಿದ 91.7ರಲ್ಲಿ ಥಿಯೇಟರ್ ಮತ್ತು ಅದು ಸೇರಿರುವ ಸರಣಿ ಕಂಪನಿಗೆ ಅರ್ಧಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇ 57. ಚೀನಾದ್ದೇ ಚಿತ್ರವಾದರೆ ನಿರ್ಮಾಪಕ ಮತ್ತು ವಿತರಕ ಇಬ್ಬರಿಗೂ ಸೇರಿ ಮಿಗುವುದು 39 ಯುವಾನ್‌ನಷ್ಟು. ಪ್ರಚಾರದ ಖರ್ಚು, ವಿತರಕನ ಕಮಿಷನ್ ಎಲ್ಲ ಅದರೊಳಗೇ. ಅಂದರೆ ಸ್ವಂತ ದೇಶದ ನಿರ್ಮಾಪಕನಿಗೇ ಅರ್ಧ ಸಿಗುವುದಿಲ್ಲ. ಕೋಟಾದಲ್ಲಿ ಬಂದ ಹಾಲಿವುಡ್ ಸ್ಟುಡಿಯೋಗೆ 25 ಯುವಾನ್. ಔಟ್‌ರೇಟ್ ಕೊಟ್ಟವನಿಗೆ ಆ ನೂರರಲ್ಲಿ ಏನೂ ಇಲ್ಲ, ಅವನ ದುಡ್ಡು ಮೊದಲೇ ಗೊತ್ತಾದದ್ದು.

'ದಂಗಲ್' ಹೆಸರು ಈ ಮಾತುಕತೆಗಳಲ್ಲಿ ಬಂದೇ ಬರುತ್ತದೆ, ನಿಮ್ಮ ಮುಂದೆಯೂ ಬಂದಿರಬಹುದು. 2017ರಲ್ಲಿ ಅದು ಅಲ್ಲಿ ಸುಮಾರು 130 ಕೋಟಿ ಯುವಾನ್ ಗಳಿಸಿತು, ಆಗಿನ ದರದಲ್ಲಿ 1,200 ಕೋಟಿ ರೂಪಾಯಿಗೂ ಮೇಲೆ. ಆದರೆ ಅದು ಥಿಯೇಟರ್ ಕಿಟಕಿಯ ಲೆಕ್ಕ. ಪೂರ್ತಿ ಶೇ 25ರ ಪಾಲು ಸಿಕ್ಕಿತು ಎಂದುಕೊಂಡರೂ ನಿರ್ಮಾಪಕರ ಕಡೆಗೆ ಬರುವುದು 300 ಕೋಟಿಯ ಆಸುಪಾಸು. ಅದೂ ದೊಡ್ಡ ದುಡ್ಡೇ, ಇಲ್ಲ ಎನ್ನುವುದಿಲ್ಲ. ಪತ್ರಿಕೆಯಲ್ಲಿ ಬರುವ ಗ್ರಾಸ್ ಸಂಖ್ಯೆಯನ್ನು, ಅಂದರೆ ಒಟ್ಟು ಟಿಕೆಟ್ ಮಾರಾಟವನ್ನು, ತಮ್ಮ ಶೇರು ಎಂದುಕೊಂಡು ಮಾತಿಗೆ ಕೂತ ನಿರ್ಮಾಪಕರು ಒಪ್ಪಂದದ ಮೇಜಿನಲ್ಲಿ ಮೋಸ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮನಸ್ಸಿಗೆ ಬಹಳ ನೋವಾಗುತ್ತದೆ, ಏಕೆಂದರೆ ಅವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಸಾಲ ಮಾಡಿ ಒಳ್ಳೆಯ ಚಿತ್ರ ತೆಗೆದವರು.

ಇನ್ನು ನಿಜವಾದ ಅಡ್ಡಿಗಳು. 34 ಎಂಬ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ವಿದೇಶಿ ಚಿತ್ರಗಳ ಪಾಲು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರಬೇಕಿತ್ತು. ಹಾಗಾಗಿಲ್ಲ. ಒಪ್ಪಂದವಾದ 2012ರಲ್ಲಿ ಚೀನಾದ ಒಟ್ಟು ಗಳಿಕೆಯಲ್ಲಿ ವಿದೇಶಿ ಚಿತ್ರಗಳ ಪಾಲು ಶೇ 51ಕ್ಕೂ ಹೆಚ್ಚಿತ್ತು. 2019ರಲ್ಲಿ ಅದು ಶೇ 36ಕ್ಕೆ ಇಳಿಯಿತು. 2023ರಲ್ಲಿ ಶೇ 16. ಕೋಟಾ ಅಷ್ಟೇ ಇದೆ, ಪಾಲು ಮೂರನೇ ಒಂದಕ್ಕೆ ಕುಸಿದಿದೆ. 2016ರಲ್ಲಂತೂ ಮಾರುಕಟ್ಟೆ ಮಂಕಾದಾಗ ಸರ್ಕಾರವೇ 34ಕ್ಕಿಂತ ಹೆಚ್ಚು ಚಿತ್ರಗಳನ್ನು ಒಳಗೆ ಬಿಟ್ಟಿತು. ಅವರಿಗೆ ಬೇಕೆನಿಸಿದಾಗ ಆ ಸಂಖ್ಯೆ ಹಿಗ್ಗುತ್ತದೆ, ಬೇಡವೆನಿಸಿದಾಗ ಕುಗ್ಗುತ್ತದೆ.

ಒಂದು ಕಾರಣ ಸರಳ. ಚೀನಾದವರು ಒಳ್ಳೆಯ ಸಿನಿಮಾ ಮಾಡಲು ಕಲಿತರು. 2025ರ ಹೊಸ ವರ್ಷದ ಹಬ್ಬಕ್ಕೆ ಬಂದ 'ನೆ ಝಾ 2' ಒಂದೇ 1,500 ಕೋಟಿ ಯುವಾನ್ ದಾಟಿತು. 2012ರಲ್ಲಿ ಇಡೀ ದೇಶದ ಒಂದು ವರ್ಷದ ಗಳಿಕೆ ಸುಮಾರು 1,700 ಕೋಟಿ ಯುವಾನ್ ಆಗಿತ್ತು. ಹಾಗಾಗಿ ಹಾಲಿವುಡ್ ಬಿಟ್ಟ ಜಾಗ ಭಾರತಕ್ಕೆ ಸಿಗುತ್ತದೆ ಎಂಬುದು ತಪ್ಪು ಲೆಕ್ಕ. ಆ ಜಾಗವನ್ನು ಚೀನಾದ ಚಿತ್ರಗಳೇ ತುಂಬಿವೆ. ಸುಂಕದ ಜಗಳದ ನಡುವೆ 2025ರ ಏಪ್ರಿಲ್ 10ರಂದು ಅಮೆರಿಕದ ಚಿತ್ರಗಳನ್ನು ಮಿತವಾಗಿ ಕಡಿಮೆ ಮಾಡುತ್ತೇವೆ ಎಂದು ಚೀನಾದ ಚಲನಚಿತ್ರ ಆಡಳಿತ ಪ್ರಕಟಿಸಿದ್ದು ನಿಜ. ಅದೇ ವರ್ಷದ ನವೆಂಬರ್‌ನಲ್ಲಿ ಡಿಸ್ನಿಯ 'ಝೂಟೋಪಿಯಾ 2' ಬಂದು 400 ಕೋಟಿ ಯುವಾನ್ ದಾಟಿದ್ದೂ ನಿಜ.

ಇನ್ನೊಂದು ಕಾರಣ ತಾರೀಖು. ನನ್ನ ಅನುಭವದಲ್ಲಿ ವಿದೇಶಿ ಚಿತ್ರಕ್ಕೆ ಬೀಳುವ ದೊಡ್ಡ ಪೆಟ್ಟು ಇದೇ. ಬಿಡುಗಡೆಯ ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆಮದು ಮಾಡಿಕೊಳ್ಳುವುದು ಸರ್ಕಾರಿ ಸ್ವಾಮ್ಯದ ಚೈನಾ ಫಿಲ್ಮ್ ಗ್ರೂಪ್. ಹಂಚುವುದು ಅದು ಮತ್ತು ಹ್ವಾಶಿಯಾ ಎಂಬ ಇನ್ನೊಂದು ಕಂಪನಿ, ಎರಡೇ. ಅನುಮತಿ ಕೊಡುವ ಚಲನಚಿತ್ರ ಆಡಳಿತ 2018ರಿಂದ ಕಮ್ಯುನಿಸ್ಟ್ ಪಕ್ಷದ ಪ್ರಚಾರ ಇಲಾಖೆಯ ಕೆಳಗಿದೆ. ಚಾಂದ್ರಮಾನ ಹೊಸ ವರ್ಷ, ಬೇಸಿಗೆ ರಜೆಯ ಜನನಿಬಿಡ ವಾರಗಳು, ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆ, ಈ ಹೊತ್ತುಗಳಲ್ಲಿ ದೊಡ್ಡ ವಿದೇಶಿ ಚಿತ್ರಗಳನ್ನು ದೂರ ಇಡುವುದು ರೂಢಿ. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿಲ್ಲವಾದ್ದರಿಂದಲೇ ಪ್ರಶ್ನಿಸುವಂತೆಯೂ ಇಲ್ಲ. 2012ರಲ್ಲಿ ಬೇಸಿಗೆಯ ಆ ತಡೆ ಮುಗಿದ ಮೇಲೆ 'ದಿ ಡಾರ್ಕ್ ನೈಟ್ ರೈಸಸ್' ಮತ್ತು 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಎರಡನ್ನೂ ಆಗಸ್ಟ್ 27ರ ಒಂದೇ ದಿನ ಬಿಡುಗಡೆ ಮಾಡಿದರು. ಒಂದರ ಪ್ರೇಕ್ಷಕರನ್ನು ಇನ್ನೊಂದು ಕಿತ್ತುಕೊಂಡಿತು. ಎರಡಕ್ಕೂ ಕೋಟಾದಲ್ಲಿ ಜಾಗ ಸಿಕ್ಕಿತ್ತು, ಸಿಗದೆ ಹೋದದ್ದು ಒಳ್ಳೆಯ ವಾರ. ಕನ್ನಡದ ವ್ಯಾಪಾರ ಬಲ್ಲವರಿಗೆ ಇದು ಹೊಸತೇನಲ್ಲ. 2004ರಲ್ಲಿ ಪರಭಾಷಾ ಚಿತ್ರಗಳು ಏಳು ವಾರ ತಡವಾಗಿ ಬರಬೇಕೆಂದು ನಮ್ಮ ಉದ್ಯಮವೇ ಹಟ ಹಿಡಿದಿತ್ತು. ದಿನ ಹಿಂದೆ ಹೋದರೆ ಚಿತ್ರದ ಜೀವ ಎಷ್ಟು ಹೋಗುತ್ತದೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ದಿನ ಸಿಕ್ಕರೂ ಶೋ ಎಷ್ಟು ಎಂಬುದು ಥಿಯೇಟರ್‌ನವರ ಇಷ್ಟ. ಅಲ್ಲಿ ಮ್ಯಾನೇಜರ್‌ಗಳು ಟಿಕೆಟ್ ಆ್ಯಪ್‌ಗಳ ರೇಟಿಂಗ್ ನೋಡಿ ದಿನದಿನಕ್ಕೂ ಶೋ ಹೆಚ್ಚಿಸುತ್ತಾರೆ, ಇಳಿಸುತ್ತಾರೆ. 'ದಂಗಲ್' ಬಂದ 2017ರ ಮೇ 5ರಂದೇ ಮಾರ್ವೆಲ್‌ನ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ'ಯ ಎರಡನೇ ಭಾಗವೂ ಬಂದಿತ್ತು. ಮೊದಲ ದಿನ ಹೆಚ್ಚಿನ ಪರದೆಗಳು ಅದಕ್ಕೇ ಹೋದವು. ನೋಡಿದವರು ನೋಡದವರಿಗೆ ಹೇಳಿ, ವಾರದೊಳಗೆ ಲೆಕ್ಕ ತಿರುಗಿತು. '3 ಈಡಿಯಟ್ಸ್' ಕಾಲದಿಂದ ಆಮಿರ್ ಖಾನ್ ಅಲ್ಲಿನ ಓದುವ ಮಕ್ಕಳಿಗೆ ಪರಿಚಿತರಾಗಿದ್ದು ಇದಕ್ಕೆ ಬಲ ಕೊಟ್ಟಿತು. ಅದೇ ಆಮಿರ್ ಅವರ 'ಥಗ್ಸ್ ಆಫ್ ಹಿಂದೂಸ್ತಾನ್' ಮರುವರ್ಷ ಅಲ್ಲಿ ನೆಲಕಚ್ಚಿತು. ಗೆದ್ದವನ್ನು ಸಾಲಾಗಿ ಇಟ್ಟು ನೋಡಿ: 'ಸೀಕ್ರೆಟ್ ಸೂಪರ್‌ಸ್ಟಾರ್' ಸುಮಾರು 75 ಕೋಟಿ ಯುವಾನ್, 'ಹಿಂದಿ ಮೀಡಿಯಂ' ಸುಮಾರು 21 ಕೋಟಿ. ಮಗಳ ಆಸೆ, ಶಾಲೆಯ ಸೀಟು, ತಂದೆತಾಯಿಯ ಒತ್ತಡ. ಚೀನಾದ ಮನೆಗಳಲ್ಲೂ ದಿನಾ ನಡೆಯುವ ಮಾತು ಅದು. ನಿಮ್ಮ ಕಥೆಗೆ ಪ್ರೇಕ್ಷಕರಿದ್ದಾರೆ ಎಂದು ಮೊದಲಲ್ಲಿ ಹೇಳಿದ್ದು ಇದಕ್ಕಾಗಿಯೇ.

ರಾಜಕೀಯವನ್ನಂತೂ ಯಾವ ಒಪ್ಪಂದದಲ್ಲೂ ಕಟ್ಟಿಹಾಕಲಾಗದು. 2016ರಲ್ಲಿ ಅಮೆರಿಕದ ಕ್ಷಿಪಣಿ ರಕ್ಷಣಾ ವ್ಯವಸ್ಥೆಗೆ ದಕ್ಷಿಣ ಕೊರಿಯಾ ಒಪ್ಪಿದ ಮೇಲೆ ಆ ದೇಶದ ಚಿತ್ರಗಳು ಚೀನಾದ ಥಿಯೇಟರ್‌ಗಳಿಂದ ಮಾಯವಾದವು. ಮತ್ತೆ ಒಂದು ಕಾಣಿಸಿಕೊಂಡದ್ದು 2021ರ ಡಿಸೆಂಬರ್‌ನಲ್ಲಿ. 2025ರ ನವೆಂಬರ್‌ನಲ್ಲಿ ತೈವಾನ್ ಬಗ್ಗೆ ಜಪಾನ್ ಪ್ರಧಾನಿಯ ಮಾತಿನ ನಂತರ ಜಪಾನೀ ಚಿತ್ರಗಳ ಬಿಡುಗಡೆ ಮುಂದಕ್ಕೆ ಹೋಯಿತು. ನಮ್ಮದೂ ಅದೇ ಕಥೆ. 2020ರ ಗಾಲ್ವಾನ್ ಸಂಘರ್ಷದ ನಂತರ ಭಾರತದ ಚಿತ್ರಗಳು ಅಲ್ಲಿ ತೀರಾ ವಿರಳವಾದವು. 2024ರ ಅಕ್ಟೋಬರ್‌ನಲ್ಲಿ ಗಡಿ ಗಸ್ತಿನ ಬಗ್ಗೆ ಒಪ್ಪಂದವಾಯಿತು, ನವೆಂಬರ್ 29ಕ್ಕೆ ತಮಿಳಿನ 'ಮಹಾರಾಜ' ಅಲ್ಲಿ ತೆರೆಕಂಡು ಸುಮಾರು 90 ಕೋಟಿ ರೂಪಾಯಿ ಗಳಿಸಿತು. ದಾರಿ ಈಗ ತೆರೆದಿದೆ. ಎಷ್ಟು ದಿನ ತೆರೆದಿರುತ್ತದೆ ಎಂದು ಯಾರಾದರೂ ಖಾತರಿ ಕೊಟ್ಟರೆ ನಂಬಬೇಡಿ.

ಸೆನ್ಸಾರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಚೀನಾದಲ್ಲಿ ನಮ್ಮಂತೆ ಯು, ಎ ಎಂಬ ವಯಸ್ಸಿನ ವರ್ಗೀಕರಣವಿಲ್ಲ. ಇಡೀ ಕುಟುಂಬ ನೋಡಬಹುದಾದ ಒಂದೇ ಆವೃತ್ತಿ ಇರಬೇಕು. ಪಾಸಾದ ಚಿತ್ರಕ್ಕೆ ಪರವಾನಗಿ ಸಿಗುತ್ತದೆ. ಅಲ್ಲಿ ಪ್ರತಿ ಸಿನಿಮಾದ ಆರಂಭದಲ್ಲಿ ಹಸಿರು ಹಿನ್ನೆಲೆಯ ಮೇಲೆ ಬರುವ ಬಂಗಾರದ ಬಣ್ಣದ ಡ್ರ್ಯಾಗನ್ ಅದರದೇ ಗುರುತು. ಅದು ಸಿಕ್ಕ ಮೇಲೂ ಪೂರ್ತಿ ನಿಶ್ಚಿಂತೆ ಇಲ್ಲ. 2013ರ ಏಪ್ರಿಲ್‌ನಲ್ಲಿ 'ಜಾಂಗೋ ಅನ್‌ಚೈನ್ಡ್' ಚಿತ್ರವನ್ನು ಬಿಡುಗಡೆಯ ದಿನವೇ ಥಿಯೇಟರ್‌ಗಳಿಂದ ತೆಗೆದರು; ಮರಳಿ ಬಂದದ್ದು ಮುಂದಿನ ತಿಂಗಳು, ಇನ್ನಷ್ಟು ಕತ್ತರಿ ಹಾಕಿದ ಮೇಲೆ. ನಿಮ್ಮ ಚಿತ್ರದಲ್ಲಿ ದೆವ್ವ, ಮೈಮೇಲೆ ದೇವರು ಬರುವಂಥ ದೃಶ್ಯಗಳಿದ್ದರೆ ಕೊಳ್ಳುವವರಿಗೆ ಮೊದಲೇ ತಿಳಿಸಿ. ಏನು ಕತ್ತರಿಸುತ್ತಾರೆ ಎಂಬ ಪಟ್ಟಿ ನಿಮ್ಮ ಒಪ್ಪಿಗೆಗೆ ಬರಬೇಕೆಂದು ಒಪ್ಪಂದದಲ್ಲಿ ಬರೆಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಔಟ್‌ರೇಟ್. ಚೀನಾದ ಖಾಸಗಿ ಕಂಪನಿಯೊಂದು ನಿಮ್ಮಿಂದ ಹಕ್ಕು ಕೊಂಡು, ಚೈನಾ ಫಿಲ್ಮ್ ಮೂಲಕ ಆಮದಿಗೆ ಅರ್ಜಿ ಹಾಕಿಸುತ್ತದೆ. ಇಲ್ಲಿ ನಾನು ನಿರ್ಮಾಪಕರಿಗೆ ಕೇಳಿ ಎನ್ನುವುದು ಇಷ್ಟು: ಸಹಿ ಹಾಕುವಾಗಲೇ ವಾಪಸ್ ಕೊಡಬೇಕಿಲ್ಲದ ಒಂದು ಮೊತ್ತ, ಪರವಾನಗಿ ಸಿಕ್ಕಾಗ ಉಳಿದದ್ದು, ಕಲೆಕ್ಷನ್ ಒಂದು ಮಟ್ಟ ದಾಟಿದರೆ ಹೆಚ್ಚುವರಿ. ಆ ಹೆಚ್ಚುವರಿಯನ್ನು ನೆಚ್ಚಿಕೊಳ್ಳಬೇಡಿ, ಲೆಕ್ಕ ತಪಾಸಣೆ ಕಷ್ಟ. 2015ರಲ್ಲಿ ಒಂದು ಸಿನಿಮಾದ ಟಿಕೆಟ್ ಮೇಲೆ ಇನ್ನೊಂದು ಸಿನಿಮಾದ ಹೆಸರನ್ನು ಕೈಯಲ್ಲಿ ಬರೆದು ಕೊಟ್ಟ ಫೋಟೊಗಳು ಚೀನಾದ ಸಾಮಾಜಿಕ ತಾಣಗಳಲ್ಲಿ ಹರಿದಾಡಿದ್ದವು. ದುಡ್ಡು ಒಂದರ ಖಾತೆಗೆ, ಪ್ರೇಕ್ಷಕ ಇನ್ನೊಂದರ ಹಾಲ್‌ಗೆ. ಅಮೆರಿಕದ ದೊಡ್ಡ ಸ್ಟುಡಿಯೋಗಳೇ ಲೆಕ್ಕ ತೆಗೆಸಲು ಹೊರಗಿನ ಆಡಿಟರ್ ಕಂಪನಿಯನ್ನು ಕರೆಸಬೇಕಾಯಿತು. ಹಾಗಾಗಿ ಮೊದಲು ಬರುವ ದುಡ್ಡೇ ನಿಮ್ಮ ದುಡ್ಡು ಎಂದು ತಿಳಿಯಿರಿ. ಹಕ್ಕಿಗಾಗಿ ನಿಮಗೆ ಕೊಡುವ ರಾಯಧನದ ಮೇಲೆ ಅಲ್ಲಿ ತೆರಿಗೆ ಮುರಿದುಕೊಳ್ಳುತ್ತಾರೆ, ಭಾರತ–ಚೀನಾ ತೆರಿಗೆ ಒಪ್ಪಂದದ ಪ್ರಕಾರ ಶೇ 10ರವರೆಗೆ; ಅದರ ಪ್ರಮಾಣಪತ್ರ ಇಸಿದುಕೊಂಡರೆ ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಗೊತ್ತಾದ ಅವಧಿಯೊಳಗೆ ಪರವಾನಗಿ ಬರದಿದ್ದರೆ ಹಕ್ಕು ತಾನಾಗಿ ನಿಮಗೆ ಮರಳಬೇಕು. ಇಲ್ಲದಿದ್ದರೆ ಚಿತ್ರ ಯಾರದೋ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಹಾಂಕಾಂಗ್, ತೈವಾನ್‌ಗಳು ಈ ಕೋಟಾದ ಹೊರಗಿನ ಬೇರೆ ಮಾರುಕಟ್ಟೆಗಳು. ಚೀನಾ ಎಂಬ ಪದದಡಿ ಅವನ್ನೂ ಸೇರಿಸಿ ಕೊಟ್ಟುಬಿಡಬೇಡಿ.

ಕೊಳ್ಳುವವರು ಎಲ್ಲಿ ಸಿಗುತ್ತಾರೆ ಎಂದರೆ, ಶಾಂಘೈ ಮತ್ತು ಬೀಜಿಂಗ್ ಅಂತರರಾಷ್ಟ್ರೀಯ ಚಿತ್ರೋತ್ಸವಗಳಲ್ಲಿ. ಉತ್ಸವದಲ್ಲಿ ತೋರಿಸಲು ಕೋಟಾದ ಗೊಡವೆ ಇಲ್ಲ. ಅಲ್ಲಿ ಪ್ರೇಕ್ಷಕರು ಕೊಡುವ ರೇಟಿಂಗ್ ನಿಮ್ಮ ಪರವಾಗಿ ಯಾವ ಮಧ್ಯವರ್ತಿಗಿಂತ ಚೆನ್ನಾಗಿ ಮಾತಾಡುತ್ತದೆ. ಥಿಯೇಟರ್ ಬಿಟ್ಟು ಟೆನ್ಸೆಂಟ್ ವಿಡಿಯೋ, ಐಚೀಯಿಯಂಥ ಚೀನಾದ ಒಟಿಟಿ ತಾಣಗಳಿಗೂ ಕೊಡಬಹುದು. ಅಲ್ಲೂ ಅನುಮತಿ ಬೇಕು, ದುಡ್ಡು ಕಡಿಮೆ, ಆದರೆ ತಾರೀಖಿನ ಜೂಜು ಇಲ್ಲ. ಚೀನಾದ ಕಂಪನಿಯ ಜೊತೆ ಜಂಟಿ ನಿರ್ಮಾಣದ ದಾರಿ ಚಿತ್ರ ಮುಗಿದ ಮೇಲೆ ಉಪಯೋಗಕ್ಕೆ ಬಾರದು, ಬಿಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಎಲ್ಲಕ್ಕಿಂತ ಹೆಚ್ಚು ಕಾಪಾಡಿಕೊಳ್ಳುವುದು ರೀಮೇಕ್ ಹಕ್ಕನ್ನು. ಮಲಯಾಳದ 'ದೃಶ್ಯಂ' ಕನ್ನಡದಲ್ಲಿ 'ದೃಶ್ಯ'ವಾಗಿ ಬಂದದ್ದು ನಿಮಗೆ ಗೊತ್ತು. 2019ರ ಡಿಸೆಂಬರ್‌ನಲ್ಲಿ ಅದೇ ಕಥೆ ಚೀನಾದ ನಟರೊಂದಿಗೆ, ಥಾಯ್ಲೆಂಡ್‌ನಲ್ಲಿ ನಡೆಯುವಂತೆ ಬದಲಾಗಿ ಬಂದು 120 ಕೋಟಿ ಯುವಾನ್‌ಗಿಂತ ಹೆಚ್ಚು ಗಳಿಸಿತು. 'ದಂಗಲ್' ಹತ್ತಿರಕ್ಕೆ ಬರುವ ಗಳಿಕೆ. ರೀಮೇಕ್ ಎಂದರೆ ಅದು ಚೀನಾದ ಚಿತ್ರ. ಕೋಟಾ ಇಲ್ಲ, ಹಬ್ಬದ ವಾರಗಳ ತಡೆ ಇಲ್ಲ, ಎರಡು ದೇಶಗಳ ಸಂಬಂಧ ಕೆಟ್ಟರೂ ಬಿಡುಗಡೆ ನಿಲ್ಲುವುದಿಲ್ಲ. ನಿರ್ಬಂಧಗಳು ಬಿಗಿಯಾದಷ್ಟೂ ಕಥೆಯ ಹಕ್ಕಿಗೆ ಬೆಲೆ ಏರುತ್ತದೆ. ಆದರೆ ಬಹಳ ಒಪ್ಪಂದಗಳಲ್ಲಿ ಪ್ರದರ್ಶನದ ಹಕ್ಕಿನ ಜೊತೆಗೇ ಎಲ್ಲ ಭಾಷೆಗಳ ರೀಮೇಕ್ ಹಕ್ಕೂ ಒಂದೇ ಸಾಲಿನಲ್ಲಿ, ಬಿಡಿಗಾಸಿಗೆ ಹೋಗಿಬಿಡುತ್ತದೆ. ನಿಮ್ಮ ಮಧ್ಯವರ್ತಿ ಕಳಿಸುವ ಕರಡಿನಲ್ಲಿ ಆ ಸಾಲು ಇದೆಯೇ ಎಂದು ಹುಡುಕಿ. ಇದ್ದರೆ ಹೊಡೆದುಹಾಕಿ, ಬೇಕಾದರೆ ಬೇರೆ ಬೆಲೆಗೆ ಬೇರೆ ಪತ್ರ ಮಾಡಿಸಿ.

ಅವರ ಜೊತೆ ಜಗಳವೇನೂ ಬೇಡ. ಚೀನಾದ ಯಾವ ಕಂಪನಿ ಕೊಳ್ಳುತ್ತಿದೆ, ಆ ಕಂಪನಿ ಇವರಿಗೆ ಕೊಟ್ಟ ಅಧಿಕಾರ ಪತ್ರ ಎಲ್ಲಿ, ಈ ಮೊದಲು ಅದು ಯಾವ ವಿದೇಶಿ ಚಿತ್ರ ತರಿಸಿದೆ ಎಂದು ಲಿಖಿತವಾಗಿ ಕೇಳಿ. ಕಮಿಷನ್ ಬೇಕಾದರೆ ನಿಮಗೆ ಬಂದ ದುಡ್ಡಿನಲ್ಲಿ ಶೇಕಡಾವಾರು ಕೊಡುತ್ತೇನೆ ಎನ್ನಿ. ನಿಜವಾಗಿ ಕೆಲಸ ಮಾಡುವವರು ಇದಕ್ಕೆ ಒಪ್ಪುತ್ತಾರೆ.

ಅದಕ್ಕೂ ಮೊದಲು ನಿಮ್ಮ ಒಟಿಟಿ ಒಪ್ಪಂದವನ್ನು ತೆಗೆದು ಓದಿ. ಇಲ್ಲಿನ ತಾಣಕ್ಕೆ ಚಿತ್ರ ಕೊಡುವಾಗ ವಿಶ್ವಾದ್ಯಂತ ಡಿಜಿಟಲ್ ಹಕ್ಕು ಎಂದು ಸಹಿ ಹಾಕಿದ್ದರೆ ಚೀನಾದ ಆನ್‌ಲೈನ್ ಹಕ್ಕು ಈಗ ನಿಮ್ಮದಲ್ಲ, ಮತ್ತು ಆನ್‌ಲೈನ್ ಹಕ್ಕಿಲ್ಲದೆ ಥಿಯೇಟರ್ ಹಕ್ಕು ಮಾತ್ರ ಕೊಳ್ಳುವವರು ಕಡಿಮೆ. ಹಾಗಾಗಿದ್ದರೆ ಆ ತಾಣಕ್ಕೆ ಪತ್ರ ಬರೆದು ಚೀನಾವನ್ನು ಹೊರಗಿಡುವಂತೆ ತಿದ್ದುಪಡಿ ಕೇಳಿ. ಅಲ್ಲಿ ಸೇವೆಯೇ ಕೊಡದ ಕಂಪನಿಯಾದರೆ ಒಪ್ಪುವ ಸಾಧ್ಯತೆ ಹೆಚ್ಚು. ಹಾಡುಗಳನ್ನು ಆಡಿಯೋ ಕಂಪನಿಗೆ ಕೊಟ್ಟ ಪತ್ರವನ್ನೂ ಅದರ ಜೊತೆಗೇ ನೋಡಿ. ಈ ಎರಡು ಪತ್ರ ಸರಿ ಇದ್ದರೆ ಆ ಮಧ್ಯವರ್ತಿಗೆ ಉತ್ತರ ಬರೆಯಲು ಕೂರಬಹುದು.